ವಿಂಗರನ ಅಡ್ಡಹೆಸರು

ವಿಶ್ವಕಪ್ ಕೊರಿಯಾದಲ್ಲಿ ನಡೆದ ವರ್ಷ ಫುಟ್‌ಬಾಲ್ ನಮಗೆ ಮಧ್ಯಾಹ್ನವೇ ಸಿಗುತ್ತಿತ್ತು. ಶಹಾಪುರದ ಕಾಲುವೆ ಆಫೀಸಿನಲ್ಲಿ ಒಂದು ಟಿವಿ, ಅದರ ಮುಂದೆ ನಾವು ಮೂವರು ಗುಮಾಸ್ತರು. ಗೆರೆಗುಂಟ ಓಡಿ ಚೆಂಡನ್ನು ಗೋಲಿನ ಮುಂದೆ ಎತ್ತಿ ಹಾಕುವ ವಿಂಗರ್ ನನಗೆ ಸೇರುತ್ತಿದ್ದ. ದೇವಾಪುರದಿಂದ ಹೊಸದಾಗಿ ಬಂದಿದ್ದವನಿಗೆ, ಅಂಚಿನಿಂದ ಒಳಗೆ ನುಗ್ಗಿ ತಾನೇ ಒದೆಯುವವನು ಬೇಕು. ಕೊರಿಯಾ ತಂಡದಲ್ಲಿ ಎರಡೂ ನಮೂನೆಯವರಿದ್ದರು. ಹಾಗಾಗಿ ದಿನಾ ಜಗಳ.

"ಆ ಇಬ್ಬರು ಆಟಗಾರರದೂ ಅಡ್ಡಹೆಸರು ಒಂದೇ ಅದ. ಒಂದೇ ಮನೆತನ, ಅಣ್ಣತಮ್ಮ ಇರಬೇಕು" ಅಂದೆ ಒಂದಿನ.

ದಿನಾ ಪೇಪರ್ ಓದುವ ಹಿರಿಯ ಗುಮಾಸ್ತರು ನಕ್ಕರು. "ಅಲ್ಲೋ, ಅಲ್ಲಿ ಅಡ್ಡಹೆಸರು ಮೊದಲು ಹೇಳ್ತಾರ, ಆಮ್ಯಾಗ ಸ್ವಂತ ಹೆಸರು. ಅಡ್ಡಹೆಸರು ಇರೋದೇ ಸ್ವಲ್ಪ. ಸಾವ್ಕಾರಗೂ ಅದೇ, ಕೂಲಿಯವಗೂ ಅದೇ."

ದೇವಾಪುರದವನು ಟಿವಿಯಿಂದ ಕಣ್ಣು ತೆಗೆಯದೆ ಕೇಳಿದ: "ಹಂಗಾದ್ರ ಅಡ್ಡಹೆಸರು ಕೇಳಿದ್ರ ಯಾವ ಓಣಿಯವ ಅಂತ ತಿಳಿಯಂಗಿಲ್ಲೇನ್ರಿ?"

"ಇಲ್ಲ."

"ಚಲೋ ದೇಶ ಬಿಡ್ರಿ."

ಅವನು ಕೆಲಸಕ್ಕೆ ಹಾಜರಾದ ದಿನ, ಕೂಡ್ರಿ ಅನ್ನುವ ಮೊದಲೇ ಅಡ್ಡಹೆಸರು ಕೇಳಿದವನು ನಾನು. ಕೇಳಿದ ಮೇಲೆ ಅವನ ಚಹಾಕ್ಕೆ ಬೇರೆ ಲೋಟ ತರಿಸಿದವನೂ ನಾನೇ.