ನನ್ನ ನಂಬರಿನ ಪ್ಲೇಟು

ಹನ್ನೆರಡನೇ ಇಯತ್ತೆಯಲ್ಲಿ ಡುಮ್ಕಿ ಹೊಡೆದ ಮೇಲೆ ಅಪ್ಪ ನನ್ನನ್ನು ಐಟಿಐಯಲ್ಲಿ ವೆಲ್ಡಿಂಗ್ ಕಲಿಯಲು ಹಾಕಿದರು. ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಯಾರಾದರೂ ಕೇಳಿದರೆ "ಇಂಜಿನಿಯರಿಂಗ್ ಲೈನ್" ಎನ್ನುತ್ತಿದ್ದರು. ನನಗೆ ಮಾತ್ರ ಒಂದೇ ಮಾತು: "ಇದರಾಗೂ ಫೇಲಾದ್ರ ಮನಿಗೆ ಬರಬ್ಯಾಡ."

ಕೆಲಸ ನನ್ನ ಕೈಗೆ ಹತ್ತಲಿಲ್ಲ. ವೆಲ್ಡಿಂಗ್ ರಾಡು ಕಬ್ಬಿಣಕ್ಕೆ ಅಂಟಿಕೊಳ್ಳುತ್ತಿತ್ತು, ಇಲ್ಲವೇ ತೂತು ಬೀಳುತ್ತಿತ್ತು. ಪಕ್ಕದ ಟೇಬಲಿನವನು ಕಳವಾ ಸ್ಟೇಷನ್ನಿನಿಂದ ಬರುತ್ತಿದ್ದ ಉಡುಪಿ ಕಡೆಯವನು. ಅವನು ಬೆಸೆದ ಸಾಲು ಅಮ್ಮ ಹೆಣೆದ ಜಡೆಯ ಹಾಗೆ ಒಂದೇ ಸಮ. ನನಗೆ ಕೈ ಹಿಡಿದು ಕಲಿಸಿದವನೂ ಅವನೇ.

ಕೊನೆಯ ಪರೀಕ್ಷೆಯ ದಿನ ಇಬ್ಬರೂ ಒಂದೊಂದು ಕಬ್ಬಿಣದ ಪ್ಲೇಟು ಬೆಸೆದೆವು. ಅದು ತಣ್ಣಗಾದ ಮೇಲೆ ಮೇಲಿನ ಕಿಟ್ಟ ಕುಟ್ಟಿ ತೆಗೆದು, ಅಂಕಿಯ ಅಚ್ಚು ಇಟ್ಟು ಸುತ್ತಿಗೆಯಿಂದ ತಮ್ಮ ಪರೀಕ್ಷೆಯ ನಂಬರು ಹೊಡೆದು ಒಪ್ಪಿಸಬೇಕು. ಅವನು ಕೈ ತೊಳೆಯಲು ಹೋಗಿದ್ದ. ನನ್ನದರಲ್ಲಿ ಎರಡು ತೂತು ಕಂಡವು. ಅವನ ಪ್ಲೇಟು ಎಳೆದುಕೊಂಡು ನನ್ನ ನಂಬರು ಹೊಡೆದುಬಿಟ್ಟೆ. ನಾಲ್ಕು ಪೆಟ್ಟು ಸಾಕಾಯಿತು.

ಬಂದವನು ಉಳಿದ ಪ್ಲೇಟನ್ನು ತಿರುಗಿಸಿ ನೋಡಿದ. ವೆಲ್ಡರನಿಗೆ ತನ್ನ ಸಾಲು ತನ್ನ ಕೈಬರಹದಷ್ಟೇ ಗುರುತು. ಬೈಯುತ್ತಾನೆ ಎಂದು ಕಾದೆ. "ನಿನ್ನ ಅಪ್ಪ ಭಾರಿ ಜೋರು ಅಲ್ವಾ ಮಾರಾಯ," ಎಂದು ಮೆಲ್ಲಗೆ ಹೇಳಿ, ಆ ತೂತಿನ ಪ್ಲೇಟಿಗೆ ತನ್ನ ನಂಬರು ಹೊಡೆದುಕೊಂಡ.

ನಾನು ಪಾಸು, ಅವನು ಫೇಲು. ಮತ್ತೆ ಪರೀಕ್ಷೆಗೆ ಕೂರದೆ ವಾಶಿಯ ಹೋಟೆಲೊಂದರಲ್ಲಿ ಕೆಲಸಕ್ಕೆ ಸೇರಿದ. ನಾನೀಗ ನವಿ ಮುಂಬೈಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಆಗಾಗ ಅವನಲ್ಲಿಗೆ ಹೋಗಿ ಕಾಫಿ ಕುಡಿದು ಬರುತ್ತೇನೆ. ಆ ಮಾತು ಎಂದೂ ಎತ್ತಿಲ್ಲ. ಅಷ್ಟು ಹೇಡಿ ನಾನು.

ಕಳೆದ ತಿಂಗಳು ನಮ್ಮ ಐಟಿಐ ಮೇಷ್ಟ್ರು, ಹೊಸ ಬ್ಯಾಚಿಗೆ ನಾಲ್ಕು ಮಾತು ಹೇಳು ಬಾ ಎಂದು ಕರೆದರು. ಅವರ ಮೇಜಿನ ಮೇಲೆ ನನ್ನ ನಂಬರಿನ ಅದೇ ಪ್ಲೇಟು, ತುಕ್ಕು ಹಿಡಿಯದಂತೆ ಎಣ್ಣೆ ಸವರಿ ಇಟ್ಟಿದ್ದರು. ಅದನ್ನು ಎತ್ತಿ ಹಿಡಿದು, ನನ್ನತ್ತ ತೋರಿಸಿ, "ಐಸಾ ಹಾಥ್ ಚಾಹಿಯೇ" ಎಂದರು, ಇಂಥ ಕೈ ಬೇಕು ಅಂತ. ಎಲ್ಲರೂ ನನ್ನ ಕೈ ನೋಡಿದರು. ನಾಚಿಕೆಯಿಂದ ಕೈಯನ್ನು ಜೇಬಿಗೆ ತುರುಕಿಕೊಂಡೆ.

ಇವತ್ತು ಅವನ ಕ್ಷಮೆ ಕೇಳಿಯೇ ಬಿಡುವುದು ಎಂದು ಅಲ್ಲಿಂದ ನೇರ ವಾಶಿಗೆ ಹೋದೆ. ಅವನೇ ಕಾಫಿ ತಂದಿಟ್ಟ. ಐಟಿಐಗೆ ಹೋಗಿದ್ದೆ ಎಂದೆ. ಅವನ ಮುಖ ಅರಳಿತು.

"ಆ ಪ್ಲೇಟ್ ಉಂಟಾ ಇನ್ನೂ?"

"ಇಲ್ಲೋ. ಗುಜರಿಗೆ ಹಾಕ್ಯಾರಂತ," ಎಂದೆ.

"ಛೆ. ಲಾಯ್ಕಿತ್ತು ಮಾರಾಯ," ಎಂದು ಟೇಬಲ್ ಒರೆಸಿ ಒಳಗೆ ಹೋದ.