ಸೀಟಿಯಂಥ ಆ ಸದ್ದು

ಮಂಜುಳಾ, ನಿನ್ನ ತಾಯಿಯ ಮಾತು ಹೋದದ್ದು ನಿನ್ನಿಂದಲ್ಲ. ನನ್ನಿಂದ. ಎಂಟು ವರ್ಷ ಬಾಯಿ ಮುಚ್ಚಿಕೊಂಡು ಕೂತಿದ್ದ ನನ್ನಿಂದ.

ಇದನ್ನು ಹೇಗೆ ಬರೆಯಬೇಕೆಂದು ಮೂರು ದಿನ ಒದ್ದಾಡಿದೆ. ಬರೆದೆ, ಹರಿದೆ. ಸುತ್ತಿ ಬಳಸಿ ಬರೆದರೆ ಅದೂ ಒಂದು ತಪ್ಪಿಸಿಕೊಳ್ಳುವ ಉಪಾಯವೇ ಆಗುತ್ತದೆ — ಉಪಾಯಗಳಲ್ಲಿ ನಾನು ಎಂಥ ಗಟ್ಟಿಗನೆಂದು ಮುಂದೆ ಓದಿದರೆ ನಿನಗೇ ತಿಳಿಯುತ್ತದೆ.

ನಾನು ಡಾಕ್ಟರ ಹತ್ತಿರ ಕೆಲಸಕ್ಕೆ ಸೇರುವ ಮೊದಲು ಬಟ್ಟೆ ಮಿಲ್ಲಿನಲ್ಲಿದ್ದೆ. ಏಳು ವರ್ಷ ಮಗ್ಗಗಳ ನಡುವೆ. ಅಲ್ಲಿ ಪಕ್ಕದಲ್ಲಿ ನಿಂತವನು ಕೂಗಿದರೂ ಕೇಳುವುದಿಲ್ಲ. ನಾವೆಲ್ಲ ಒಬ್ಬರ ತುಟಿ ಒಬ್ಬರು ನೋಡಿಕೊಂಡೇ ಮಾತಾಡುತ್ತಿದ್ದೆವು. ಮಿಲ್ಲು ಬಿಟ್ಟು ಹೊರಗೆ ಬಂದ ಮೇಲೆ ಗೊತ್ತಾಯಿತು — ಕೈಗಡಿಯಾರವನ್ನು ಕಿವಿಗೆ ಒತ್ತಿ ಹಿಡಿದರೂ ಟಿಕ್ ಟಿಕ್ ಇಲ್ಲ. ದಪ್ಪ ಸದ್ದುಗಳೆಲ್ಲ ಕೇಳುತ್ತವೆ, ಸಣ್ಣನೆಯ ಏರುದನಿಯ ಸದ್ದು ಒಂದೂ ಕೇಳುವುದಿಲ್ಲ. ಎದುರಿನವರ ತುಟಿ ಕಾಣುತ್ತಿದ್ದರೆ ಸಾಕು, ಯಾರಿಗೂ ಗುಟ್ಟು ಬಿಟ್ಟುಕೊಡದೆ ಸಂಭಾಳಿಸುತ್ತಿದ್ದೆ. ಅಂಥವನು ಸೇರಿಕೊಂಡದ್ದು ಯಾವ ಕೆಲಸಕ್ಕೆ? ಕೇಳುವ ಕೆಲಸಕ್ಕೆ!

ಡಾಕ್ಟರು ಹೊರದೇಶದಲ್ಲಿ ಕಲಿತು ಬರುವಾಗ ಟ್ರಾನ್ಸಿಸ್ಟರ್ ರೇಡಿಯೋದಷ್ಟು ದೊಡ್ಡ ಒಂದು ಯಂತ್ರ ತಂದಿದ್ದರು. ಡಾಪ್ಲರ್ ಎಂದು ಅದರ ಹೆಸರು. ಸೂಜಿ ಇಲ್ಲ, ಕೊಯ್ಯುವುದಿಲ್ಲ. ಕುತ್ತಿಗೆಗೆ ಲೋಳೆಯಂಥ ಜೆಲ್ಲಿ ಸವರಿ, ಪೆನ್ನಿನಂಥ ಒಂದು ಕಡ್ಡಿ ಇಟ್ಟರೆ ಮಿದುಳಿಗೆ ಹೋಗುವ ರಕ್ತದ ಹರಿವು ಸದ್ದಾಗಿ ಕೇಳುತ್ತಿತ್ತು. ನಾಳ ಚೆನ್ನಾಗಿದ್ದರೆ ಹುಶ್, ಹುಶ್ ಎಂದು ಮೆತ್ತಗೆ. ಕಿರಿದಾಗಿದ್ದರೆ, ನೀರಿನ ಪೈಪಿನ ಬಾಯಿ ಬೆರಳಿನಿಂದ ಅದುಮಿದಾಗ ಆಗುವಂತೆ ಹರಿವಿನ ವೇಗ ಹೆಚ್ಚಿ, ಸದ್ದು ಏರುತ್ತಿತ್ತು. ಕಾಗದದಲ್ಲಿ ಗೆರೆ ಬರುತ್ತಿರಲಿಲ್ಲ, ಚಿತ್ರ ಬರುತ್ತಿರಲಿಲ್ಲ. ಕೇಳಿದವನು ಏನು ಬರೆದನೋ ಅದೇ ರಿಪೋರ್ಟು.

ಸೋಮವಾರ ಚನ್ನಗಿರಿ, ಬುಧವಾರ ಹೊನ್ನಾಳಿ, ಗುರುವಾರ ನ್ಯಾಮತಿ, ಶನಿವಾರ ಜಗಳೂರು — ಡಾಕ್ಟರ ಜೀಪಿನಲ್ಲಿ ಯಂತ್ರವನ್ನು ಮಡಿಲಲ್ಲಿಟ್ಟುಕೊಂಡು ನಾನು. ಕಲಿಸುವಾಗ ಡಾಕ್ಟರು ಕಿರಿದಾದ ನಾಳದ ಸದ್ದು ಕೇಳಿಸಿ, "ಗೊತ್ತಾಯ್ತೇನ್ರೀ?" ಎಂದರು. ನನಗೇನೂ ಕೇಳಿರಲಿಲ್ಲ. ಅವರ ಮುಖ ನೋಡಿ "ಗೊತ್ತಾಯ್ತು ಸಾರ್" ಎಂದೆ. ಯಂತ್ರಕ್ಕೆ ಸ್ಪೀಕರೂ ಇತ್ತು. ಹಾಕಿದ್ದರೆ ಕೋಣೆಯಲ್ಲಿದ್ದವರಿಗೆಲ್ಲ ಕೇಳುತ್ತಿತ್ತು, ನನಗೆ ಕೇಳದ್ದು ಬಯಲಾಗುತ್ತಿತ್ತು. "ಪೇಶಂಟು ಹೆದರ್ಕೊಂತಾರೆ ಸಾರ್, ಇಯರ್‌ಫೋನೇ ಇರ್ಲಿ" ಎಂದವನು ನಾನೇ. ರೋಗಿಗಳ ಮೇಲೆ ನನಗೆ ಎಷ್ಟು ಕಾಳಜಿ ಎಂದು ಅವರು ಮೆಚ್ಚಿಕೊಂಡರು.

ನೀನು ತಾಯಿಯನ್ನು ತ್ಯಾವಣಿಗೆಯಿಂದ ಕರೆತಂದದ್ದು ಒಂದು ಸೋಮವಾರ. ಚನ್ನಗಿರಿಯ ಆ ಬಾಡಿಗೆ ಕೋಣೆಯ ಹೊರಗೆ ನಲವತ್ತು ಜನ. ನಿನಗಾಗ ಹತ್ತೊಂಬತ್ತೋ ಇಪ್ಪತ್ತೋ. ಅಕ್ಕೋರು — ನಿಮ್ಮ ಊರಿನ ಮಕ್ಕಳು ಟೀಚರಾದ ನಿನ್ನ ತಾಯಿಯನ್ನು ಕರೆಯುತ್ತಿದ್ದ ಹಾಗೆ ನಾನೂ ಕರೆಯುತ್ತೇನೆ — ನಗುತ್ತಲೇ ಹೇಳಿದ್ದರು. ಬೋರ್ಡಿನ ಮೇಲೆ ಬರೆಯುವಾಗ ಎರಡು ಸಲ ಬಲಗೈಯಿಂದ ಸೀಮೆಸುಣ್ಣ ತಾನಾಗಿ ಜಾರಿತಂತೆ. ಒಂದು ದಿನ ಎಡಗಣ್ಣಿಗೆ ಪರದೆ ಎಳೆದಂತಾಗಿ, ಐದು ನಿಮಿಷಕ್ಕೆ ಸರಿಹೋಯಿತಂತೆ. ಡಾಕ್ಟರು ಸ್ಟೆತಾಸ್ಕೋಪು ಇಟ್ಟು ನೋಡಿ, ಅದರಲ್ಲಿ ಏನೂ ಸಿಗದೆ, ನನ್ನ ಹತ್ತಿರ ಕಳಿಸಿದರು.

ಬಲಗಡೆ ಇಟ್ಟೆ. ಹುಶ್, ಹುಶ್. ಎಡಗಡೆ ಇಟ್ಟೆ. ಏನೋ ಮಂದವಾಗಿತ್ತು — ಇದೆ, ಆದರೆ ಇಲ್ಲ — ನನಗೆ ಆಗಲೇ ಅನುಮಾನ ಬಂತು. ಸುಳ್ಳೇಕೆ, ಬಂತು. ಅಷ್ಟರಲ್ಲಿ ನೀನು, "ಅಣ್ಣಾರೆ, ನಂಗೂ ಒಂಚೂರು ಕೇಳಿಸ್ತೀರಾ?" ಎಂದೆ. ಇಯರ್‌ಫೋನ್ ಕೊಟ್ಟೆ. ಎರಡೂ ಕಡೆ ಕೇಳಿದೆ ನೀನು. ಹುಬ್ಬು ಗಂಟಾಯಿತು.

"ಆ ಕಡೆದು ಮೆತ್ತಗೈತೆ. ಈ ಕಡೆದು ಸೀಟಿ ಊದಿದಂಗೈತಲ್ರೀ?"

ಆ ಹೊತ್ತಿಗೆ ಎದ್ದು, ಪಕ್ಕದ ಕೋಣೆಗೆ ನಾಲ್ಕು ಹೆಜ್ಜೆ ನಡೆದು, "ಸಾರ್, ನೀವೊಮ್ಮೆ ಕೇಳಿ" ಎಂದಿದ್ದರೆ ಸಾಕಿತ್ತು. ಆದರೆ ಹಾಗೆಂದರೆ ಅವರು "ನಿಮಗೇನು ಕೇಳ್ಸಿತು?" ಅನ್ನುತ್ತಿದ್ದರು. ಅಲ್ಲಿಗೆ ನನ್ನ ಬಂಡವಾಳ ಬಯಲು. ಮತ್ತೆ ಮಿಲ್ಲಿನ ಬಾಗಿಲು —

"ಎಲ್ರದ್ದೂ ಹಂಗೇ ಇರ್ತೈತೆ, ಸುಮ್ನಿರಮ್ಮ," ಎಂದು ಗದರಿ, ನಿನ್ನ ಕಿವಿಯಿಂದ ಅದನ್ನು ಕಿತ್ತುಕೊಂಡೆ. ನೀನು ಪೆಚ್ಚಾದೆ. ಅಕ್ಕೋರು, "ಅವಳಿಗೆ ಎಲ್ಲಾದ್ರಾಗೂ ತಲೆ ಹಾಕಾಕೆ ಬೇಕು, ಬ್ಯಾಸರ ಮಾಡ್ಕಬ್ಯಾಡ್ರಿ" ಎಂದು ನನ್ನನ್ನೇ ಸಮಾಧಾನ ಮಾಡಿದರು. ಎರಡೂ ಕಡೆ ಸರಿಯಾಗಿದೆ ಎಂದು ಬರೆದೆ. ಡಾಕ್ಟರು ಆ ಚೀಟಿ ನಂಬಿ, ನಿಶ್ಶಕ್ತಿ ಎಂದು ಟಾನಿಕ್ಕು ಬರೆದುಕೊಟ್ಟು ಕಳಿಸಿದರು.

ಮುಂದಿನದು ನಿನಗೆ ಗೊತ್ತಿರುವುದೇ. ಎರಡು ತಿಂಗಳಾದ ಮೇಲೆ ಜಗಳೂರಿನ ನಿನ್ನ ಸೋದರಮಾವ ತಮ್ಮ ಮಗನಿಗೆ ನಿನ್ನನ್ನು ತಂದುಕೊಳ್ಳಲು ಎಲೆ ಅಡಿಕೆ ಹಿಡಿದು ಬಂದರು. ತಾಯಿ ಮಾತು ಕೊಟ್ಟಿದ್ದರು. ಬಂದ ನೆಂಟರೆದುರಿಗೇ ನೀನು "ನಾನು ಒಲ್ಲೆ, ಟೀಚರ್ ಟ್ರೈನಿಂಗಿಗೆ ಹೋಗ್ತೀನಿ" ಎಂದೆ. ಮರುದಿನ ಬೆಳಿಗ್ಗೆ ಅಕ್ಕೋರು ಅಡುಗೆಮನೆಯಲ್ಲಿ ಬಿದ್ದಿದ್ದರು. ಬಲಗೈ ಬಲಗಾಲು ಸತ್ತಿದ್ದವು. ಮಾತು ಹೋಗಿತ್ತು.

ಚನ್ನಗಿರಿಗೆ ತಂದಾಗ ಡಾಕ್ಟರು ತಾವೇ ಇಯರ್‌ಫೋನ್ ಹಾಕಿಕೊಂಡರು. ಎಡಗಡೆ ಕಡ್ಡಿ ಇಟ್ಟ ಕೂಡಲೇ ಮುಖ ಕಪ್ಪಿಟ್ಟಿತು. "ಎರಡೇ ತಿಂಗಳಲ್ಲಿ ಇಷ್ಟು ಕಿರಿದಾಗ್ತದೇನ್ರೀ? ಅವತ್ತು ಸರಿಯಾಗಿ ಕೇಳಿದ್ರಾ?" ಎಂದರು. "ಅವತ್ತು ಚೆನ್ನಾಗಿತ್ತು ಸಾರ್," ಎಂದೆ. ಹೊರಗೆ ಬಂದರೆ ನಿನ್ನ ಮಾವ ಜನರ ನಡುವೆ ನಿಂತು, "ಮಗಳ ಹಠಕ್ಕೆ ನಮ್ಮಕ್ಕನ ಬಾಯಿ ಬಿದ್ದೋತು" ಎನ್ನುತ್ತಿದ್ದರು. ನೀನು ಗೋಡೆಗೆ ಒರಗಿ ನಿಂತಿದ್ದೆ. ಒಮ್ಮೆ ನನ್ನ ಮುಖ ನೋಡಿದೆ. ನಾನು ಯಂತ್ರದ ವೈರು ಸುತ್ತುತ್ತಾ ನಿಂತೆ.

ತಿಂಗಳೊಳಗೆ ಬೆನ್ನುನೋವೆಂದು ಸುಳ್ಳು ಹೇಳಿ ಕೆಲಸ ಬಿಟ್ಟೆ. ನ್ಯಾಮತಿಯ ಔಷಧಿ ಅಂಗಡಿಗೆ ಸೇರಿದೆ. ತ್ಯಾವಣಿಗೆಗೆ ಬಂದು ನಿನ್ನ ತಾಯಿಗೆ ಮಾತ್ರೆ ಕೊಟ್ಟು ಹೋಗುತ್ತಿದ್ದೆನಲ್ಲ — ನೀನು ಅದನ್ನು ದೊಡ್ಡ ಗುಣವೆಂದು ತಿಳಿದು ನನ್ನನ್ನು ಅಣ್ಣ ಎಂದು ಕರೆಯತೊಡಗಿದೆ. ಅಕ್ಕೋರಿಗೆ ಉಳಿದದ್ದು ಒಂದೇ ಮಾತು. "ಕೂತ್ಕ." ಹಸಿವಾದರೂ ಕೂತ್ಕ, ನೋವಾದರೂ ಕೂತ್ಕ, ಅಳುವಾಗಲೂ ಅದೇ. ನನ್ನನ್ನು ಕಂಡರೆ ಎಡಗೈಯಿಂದ ಮಂಚ ತಟ್ಟಿ "ಕೂತ್ಕ, ಕೂತ್ಕ" ಎನ್ನುತ್ತಿದ್ದರು. ಕೂರಲಾಗುತ್ತಿರಲಿಲ್ಲ ನನಗೆ. ಬಸ್ಸಿಗೆ ಹೊತ್ತಾಯಿತು ಎನ್ನುತ್ತಿದ್ದೆ. ಅವರು ಹೋದ ದಿನವೂ ಬಂದೆ, ಮಣ್ಣು ಹಾಕಿದೆ, ಬಾಯಿ ಬಿಡದೆ ಹೊರಟೆ.

ಮೊದಲೇ ತಿಳಿದು ಆಪರೇಶನ್ನಿಗೆ ಬೆಂಗಳೂರಿಗೆ ಕಳಿಸಿದ್ದರೂ ಅಕ್ಕೋರ ಮಾತು ಉಳಿಯುತ್ತಿತ್ತೋ ಇಲ್ಲವೋ ಯಾರು ಬಲ್ಲರು — ಈ ಮಾತನ್ನು ನನಗೆ ನಾನೇ ಎಷ್ಟು ಸಲ ಹೇಳಿಕೊಂಡೆನೋ. ಬೇರೆ ಯಾರಾದರೂ ಹೇಳಬಹುದು. ನಾನು ಹೇಳಬಾರದು.

ಕಳೆದ ವಾರ ನೀನು ಅಂಗಡಿಗೆ ಬಂದೆ. ಅದೇ ಮಾವನ ಅದೇ ಮಗ, ಈಗ ಹೆಂಡತಿ ತೀರಿಕೊಂಡು ಎರಡು ಮಕ್ಕಳ ತಂದೆ. ಲಗ್ನಪತ್ರಿಕೆ ಕೈಗಿಟ್ಟು ಹೇಳಿದೆ: "ಅಣ್ಣಾ, ಅವತ್ತು ಒಲ್ಲೆ ಅಂದು ಅವ್ವನ ಬಾಯಿ ಕಿತ್ಕಂಡೆ. ಈಗಾದ್ರೂ ಅವಳ ಮಾತು ನಡೀಲಿ. ನನ್ನ ಪಾಪ ಕಳೀಲಿ." ನಾನೇನು ಮಾಡಿದೆ? "ಒಳ್ಳೇದಾಗ್ಲಿ ತಂಗಿ" ಎಂದೆ. ಥೂ, ನನ್ನ ನಾಲಿಗೆಗೆ.

ಡಾಕ್ಟರು ಈಗಿರುವ ಊರು ಹುಡುಕಿ ಅವರಿಗೂ ಬರೆದಿದ್ದೇನೆ. ನಾಲ್ಕು ಊರುಗಳಲ್ಲಿ ನಾನು ಇನ್ನೆಷ್ಟು ಜನರನ್ನು ಸರಿಯಾಗಿದ್ದೀರಿ ಎಂದು ಮನೆಗೆ ಕಳಿಸಿದೆನೋ — ಆ ಯೋಚನೆ ಬಂದರೆ ಅನ್ನ ಸೇರುವುದಿಲ್ಲ. ನಾಳೆ ಮೊದಲ ಬಸ್ಸಿಗೆ ಜಗಳೂರಿಗೆ ಹೋಗುತ್ತೇನೆ. ನಿನ್ನ ಮಾವನ ಎದುರು, ಅವರ ಮಗನ ಎದುರು, ಕೇಳಲು ಬಂದ ಎಲ್ಲರ ಎದುರು ಇದನ್ನೇ ಹೇಳುತ್ತೇನೆ. ಹೊಡೆದರೆ ಹೊಡೆಸಿಕೊಳ್ಳುತ್ತೇನೆ.

ನಿನ್ನಲ್ಲಿ ಕ್ಷಮೆ ಕೇಳುವುದಿಲ್ಲ. ಅದನ್ನೂ ನಿನ್ನ ತಲೆಗೆ ಕಟ್ಟುವ ಹಕ್ಕು ನನಗಿಲ್ಲ. ಆ ಮನುಷ್ಯ ಮನಸ್ಸಿಗೆ ಬಂದರೆ ಮದುವೆಯಾಗು, ಬಾರದಿದ್ದರೆ ಬಿಡು. ಆದರೆ ಪಾಪ ಕಳೆಯಲೆಂದು ಆಗಬೇಡ, ತಾಯಿ. ಕಳೆಯಲು ನಿನ್ನ ಹತ್ತಿರ ಯಾವ ಪಾಪವೂ ಇಲ್ಲ. ಎಂಟು ವರ್ಷ ನೀನು ತಲೆ ತಗ್ಗಿಸಿ ನಡೆದದ್ದು ನನ್ನ ಬದಲಿಗೆ.