ಮಂಗಳವಾರದ ಆಟಕ್ಕೆ ಮೆಲ್ಲಕ್ಕನ ಕಾವಲು

ಬೆಳಗಿನ ಆರು ಗಂಟೆ. ಚಿತ್ರಮಂದಿರದ ಹಿಂಬಾಗಿಲಿನಿಂದ ಒಳಗೆ ಬಂದ ಹೆಂಗಸು ದೀಪ ಹಾಕುವುದಿಲ್ಲ. ಕತ್ತಲಲ್ಲೇ ಮೊದಲ ಸಾಲಿನ ಮೊದಲ ಕುರ್ಚಿಯ ಬಳಿ ನಿಂತು, ಮಡಚಿಕೊಂಡಿರುವ ಆಸನವನ್ನು ಅಂಗೈಯಿಂದ ಕೆಳಕ್ಕೊತ್ತಿ ಬಿಡುತ್ತಾರೆ. ಕಿವಿಗೊಟ್ಟು ಕೇಳುತ್ತಾರೆ. ಸದ್ದಿಲ್ಲ. ಮುಂದಿನ ಕುರ್ಚಿ. ಅದರ ಮುಂದಿನದು. ಹನ್ನೊಂದನೆಯದು ಕಿರ್ರೆನ್ನುತ್ತದೆ. ಸೊಂಟಕ್ಕೆ ಸಿಕ್ಕಿಸಿಕೊಂಡ ಎಣ್ಣೆಯ ಪುಟ್ಟ ಡಬ್ಬಿ ಹೊರಬರುತ್ತದೆ, ಎರಡು ಹನಿ ಬೀಳುತ್ತವೆ, ಕುರ್ಚಿ ಬಾಯಿ ಮುಚ್ಚುತ್ತದೆ. ಹೀಗೆ ಮುನ್ನೂರ ಹನ್ನೆರಡು ಕುರ್ಚಿ. ದೀಪ ಹಾಕಿದರೆ ಕಣ್ಣು ಕೆಲಸಕ್ಕೆ ನಿಂತು ಕಿವಿ ಸೋಮಾರಿಯಾಗುತ್ತದೆ ಎಂಬುದು ಅವರ ಲೆಕ್ಕಾಚಾರ.

“ಕುರ್ಚಿ ಮಾತಾಡಿದ್ರೆ ಕೂತೋರೂ ಮಾತಾಡ್ತಾರೆ ನೋಡಿ. ಮೊದಲು ಇವುಗಳ ಬಾಯಿ ಕಟ್ಟಬೇಕು, ಆಮೇಲೆ ಅವರದ್ದು” ಎಂದು ನಗುತ್ತಾರೆ.

ಎಲ್ಲರೂ ಇವರನ್ನು ಕರೆಯುವುದು ಮೆಲ್ಲಕ್ಕ ಎಂದು. ಇಪ್ಪತ್ತಾರು ವರ್ಷಗಳಿಂದ ಟಾರ್ಚು ಹಿಡಿದು ಪ್ರೇಕ್ಷಕರಿಗೆ ಸೀಟು ತೋರಿಸುತ್ತ, “ಮೆಲ್ಲಗೆ, ಮೆಲ್ಲಗೆ” ಎನ್ನುತ್ತ ಬಂದವರಿಗೆ ಆ ಮಾತೇ ಹೆಸರಾಗಿ ಅಂಟಿಕೊಂಡಿದೆ. ಈ ಮಂಗಳವಾರ ಮಾತ್ರ ಅವರ ಪಾಲಿಗೆ ಉಳಿದೆಲ್ಲ ದಿನಗಳಂತಲ್ಲ. ಇಂದಿನ ಬೆಳಗಿನ ಆಟ ಮುಗಿಯುವುದರೊಳಗೆ, ವಾರಕ್ಕೊಂದು ಆಟದಲ್ಲಾದರೂ ಅವರ ಕೈಯಲ್ಲಿ ಟಾರ್ಚು ಉಳಿಯುತ್ತದೆಯೋ ಅಲ್ಲಿಗೂ ತಿಂಡಿಯ ತಟ್ಟೆ ಬರುತ್ತದೆಯೋ ಎಂಬುದು ನಿರ್ಧಾರವಾಗಲಿದೆ.

ಸಂಗತಿ ಇಷ್ಟು. ಮುಂದಿನ ತಿಂಗಳಿನಿಂದ ಪ್ರೇಕ್ಷಕರು ಕುಳಿತಲ್ಲಿಂದಲೇ ಫೋನಿನಲ್ಲಿ ತಿಂಡಿ ತರಿಸಿಕೊಳ್ಳಬಹುದೆಂದು ಮಾಲೀಕರು ತೀರ್ಮಾನಿಸಿದ್ದಾರೆ. ಚಿತ್ರ ನಡೆಯುತ್ತಿರುವಾಗಲೇ ತಟ್ಟೆ ಹೊತ್ತು ಸಾಲು ಸಾಲು ಅಲೆಯಬೇಕಾದವರು ಮೆಲ್ಲಕ್ಕ. ಕಾಲು ಶತಮಾನ ಸದ್ದನ್ನು ಹೊರಗಟ್ಟಿದವರ ಕೈಯಲ್ಲೇ ಸದ್ದನ್ನು ಒಳಗೆ ತರಿಸುವ ಏರ್ಪಾಡಿದು! ಅವರು ಮ್ಯಾನೇಜರರ ಮುಂದೆ ನಿಂತು ಒಂದೇ ಒಂದು ಕೋರಿಕೆ ಇಟ್ಟರು: ವಾರಕ್ಕೊಂದು ಆಟವಾದರೂ ಫೋನಿಲ್ಲದೆ, ತಟ್ಟೆಯಿಲ್ಲದೆ, ಮಾತಿಲ್ಲದೆ ನಡೆಯಲಿ. ಮ್ಯಾನೇಜರು ನಾಲ್ಕು ಮಂಗಳವಾರಗಳ ಪರೀಕ್ಷೆಗೆ ಒಪ್ಪಿ, ಟಿಕೆಟ್ ಕಿಟಕಿಯ ಪಕ್ಕ ತಾವೇ ಬರೆದು ಅಂಟಿಸಿದರು: ‘ಗಲಾಟೆಯ ಬಗ್ಗೆ ಒಂದೇ ಒಂದು ದೂರು ಬಂದರೂ ಈ ಏರ್ಪಾಡು ರದ್ದು.’ ಮೂರು ಮಂಗಳವಾರಗಳು ದೂರಿಲ್ಲದೆ ಕಳೆದಿವೆ. ಇದು ನಾಲ್ಕನೆಯದು, ಕೊನೆಯದು.

ಇನ್ನೊಬ್ಬರು ಹೇಳುತ್ತಿರುವಾಗ ಬಾಯಿ ಮುಚ್ಚಿಕೊಂಡು ಕೇಳಬೇಕೆಂಬುದು ಶಾಲೆಯ ಮೊದಲ ತರಗತಿಯಲ್ಲೇ ಕಲಿಸುವ ಪಾಠ. ಅಲ್ಲಿ ಕಲಿಯದವರು ಯಾರೂ ಇಲ್ಲ. ಆದರೆ ದೀಪ ಆರಿದೊಡನೆ ಮರೆಯದವರೂ ಅಪರೂಪ. ತೆರೆಯ ಮೇಲೆ ಒಬ್ಬ ತಾಯಿ ಮಗುವನ್ನು ಕಳೆದುಕೊಂಡು ಅಳುತ್ತಿದ್ದರೆ, ಕೆಳಗೊಬ್ಬ ಮಹನೀಯ ತನ್ನ ಕಾರಿನ ಟೈರಿನ ವಿಚಾರವನ್ನು ಇಡೀ ಸಭೆಗೆ ಕೇಳುವಂತೆ ಫೋನಿನಲ್ಲಿ ವಿವರಿಸುತ್ತಾನೆ. ಇದನ್ನು ಕಾಲದ ಬದಲಾವಣೆ ಎಂದು ಕರೆದು ಸುಮ್ಮನಾಗುವುದು ಹೇಡಿತನ. ಇದು ನಡತೆಗೇಡು, ನೇರವಾಗಿ ಹಾಗೆಯೇ ಕರೆಯಬೇಕು. ಮೆಲ್ಲಕ್ಕ ಮಾತ್ರ ಅಷ್ಟು ಬಿರುಸಾಗಿ ನುಡಿಯುವವರಲ್ಲ.

“ಅವರೇನು ಕೆಟ್ಟೋರಲ್ಲ. ಕೈಗೆ ಚಟ ಹತ್ತಿದೆ ಅಷ್ಟೆ. ಮೊದಲೆಲ್ಲ ಇಂಟರ್‌ವಲ್‌ವರೆಗೆ ಅಲ್ಲಾಡ್ತಿರಲಿಲ್ಲ. ಈಗ ಒಂಬತ್ತನೇ ನಿಮಿಷಕ್ಕೆ ಮೊದಲನೇ ಫೋನ್ ಹೊರಗೆ ಬರುತ್ತೆ. ನಾನು ಗಡಿಯಾರ ನೋಡಿದ್ದೀನಿ, ಒಂಬತ್ತೇ.”

ಈ ಚಟವನ್ನು ಹಿಡಿಯುವ ವಿದ್ಯೆಯನ್ನು ಅವರು ತಮಗೆ ತಾವೇ ಕಲಿಸಿಕೊಂಡಿದ್ದಾರೆ. ಚಿತ್ರ ನಡೆಯುವಾಗ ಅವರು ನಿಲ್ಲುವುದು ತೆರೆಯ ಪಕ್ಕದ ಬಾಗಿಲಿನ ಬಳಿ, ಪ್ರೇಕ್ಷಕರಿಗೆ ಮುಖಮಾಡಿ. ಫೋನು ತೆಗೆಯುವವನ ಬಲಭುಜ ಮೊದಲು ಇಳಿಯುತ್ತದೆ, ಬಳಿಕ ಮೊಣಕೈ ಹೊರಚಾಚುತ್ತದೆ. ಬೆಳಕು ಹೊತ್ತುವ ಹೊತ್ತಿಗೆ ಮೆಲ್ಲಕ್ಕ ಅವನ ಸಾಲಿನ ತುದಿಯಲ್ಲಿರುತ್ತಾರೆ. ಟಾರ್ಚಿನ ಬಾಯಿಗೆ ಗಂಡನ ಹಳೆಯ ಕಾಲುಚೀಲವನ್ನು ಎರಡು ಮಡಿಕೆ ಸುತ್ತಿದ್ದಾರೆ. ಬೆಳಕು ಅಂಗಿಯ ಗುಂಡಿಯಷ್ಟೇ ಅಗಲ ಬೀಳುತ್ತದೆ. ಅದು ತಪ್ಪಿತಸ್ಥನ ಮೊಣಕಾಲಿನ ಮೇಲೆ ಬೀಳುತ್ತದೆಯೇ ಹೊರತು ಮುಖದ ಮೇಲೆ ಬೀಳುವುದಿಲ್ಲ. ಹತ್ತು ಜನರ ಮುಂದೆ ಯಾರ ಮುಖಕ್ಕೂ ಬೆಳಕು ಬಿಡಬಾರದು, ಮಾನ ಹೋಗುತ್ತದೆ ಎನ್ನುತ್ತಾರೆ. ಒಮ್ಮೆ ಹೇಳುತ್ತಾರೆ, ಎರಡನೆಯ ಸಲ ಹೊರಗೆ ಕರೆಯುತ್ತಾರೆ. ಮೂರನೆಯ ಸಲ ಎಂಬುದು ಅವರ ಕಟ್ಟಳೆಯಲ್ಲಿಲ್ಲ.

ಬೈಗುಳಕ್ಕೇನೂ ಬರವಿಲ್ಲ. “ನಾನು ಟಿಕೆಟ್ಟಿಗೆ ದುಡ್ಡು ಕೊಟ್ಟಿದ್ದೀನಮ್ಮಾ” ಎಂದು ಒಬ್ಬ ಗುಡುಗಿದರೆ, “ಪಕ್ಕದಲ್ಲಿರೋರು ಪುಕ್ಕಟೆ ಬಂದಿಲ್ಲವಲ್ಲಪ್ಪಾ” ಎಂಬ ಪಿಸುಮಾತು ಉತ್ತರವಾಗಿ ಬರುತ್ತದೆ. ಒಮ್ಮೆ ಒಬ್ಬ ತಣ್ಣನೆಯ ಪಾನೀಯವನ್ನು ಅವರ ಸಮವಸ್ತ್ರದ ಮೇಲೆ ಎರಚಿದ್ದ. ಒದ್ದೆ ಬಟ್ಟೆಯಲ್ಲೇ ಆ ದಿನದ ಉಳಿದೆರಡು ಆಟಗಳಲ್ಲಿ ಅವರು ದುಡಿದರು. ದಿನಕ್ಕೆ ನಾಲ್ಕು ಆಟ, ಒಂದೊಂದು ಆಟದಲ್ಲೂ ಮೂವತ್ತೆಂಟು ಮೆಟ್ಟಿಲುಗಳನ್ನು ಹತ್ತಿಳಿಯುವುದು ಇಪ್ಪತ್ತು ಬಾರಿಗೆ ಕಡಿಮೆಯಿಲ್ಲ. ಎಡ ಮೊಣಕಾಲು ಮೂರು ವರ್ಷಗಳಿಂದ ತಕರಾರು ತೆಗೆಯುತ್ತಿದೆ. ಆಟದ ವೇಳೆಯಲ್ಲಿ ಕುಳಿತುಕೊಳ್ಳುವಂತಿಲ್ಲ ಎಂಬುದು ಚಿತ್ರಮಂದಿರದ ನಿಯಮ. ಇಪ್ಪತ್ತಾರು ವರ್ಷಗಳಲ್ಲಿ ಅವರು ಕುಳಿತದ್ದೂ ಇಲ್ಲ.

ಮನೆಯ ಕಥೆ ಇದಕ್ಕೆ ತದ್ವಿರುದ್ಧ. ಯಜಮಾನರು ತಗಡು ಬಡಿಯುವ ಕಾರ್ಖಾನೆಯಲ್ಲಿ ಹದಿನೆಂಟು ವರ್ಷ ದುಡಿದು ಕಿವಿ ಕಳೆದುಕೊಂಡವರು. ಆ ಕೆಲಸ ಬಿಟ್ಟ ವರ್ಷವೇ ಮೆಲ್ಲಕ್ಕ ಟಾರ್ಚು ಹಿಡಿದದ್ದು. “ಮನೇಲಿ ನಾನು ‘ಊಟಕ್ಕೆ ಬನ್ನಿ’ ಅಂದ್ರೆ ಬೀದಿಯವರೆಲ್ಲ ಕೈ ತೊಳ್ಕೊಳ್ತಾರೆ. ಹಾಗೆ ಕೂಗಬೇಕು! ಇಲ್ಲಿಗೆ ಬಂದ್ರೇನೆ ನನ್ನ ಗಂಟಲಿಗೆ ರಜೆ.”

ಹತ್ತು ಗಂಟೆಯ ಹೊತ್ತಿಗೆ ಜನ ಬರತೊಡಗುತ್ತಾರೆ. ಮಂಗಳವಾರದ ಆಟಕ್ಕೆ ಬರುವವರಲ್ಲಿ ಮೆಲ್ಲಕ್ಕ ಊಹಿಸಿಯೇ ಇರದ ಒಂದು ಪಂಗಡವಿದೆ: ನಿದ್ದೆಗೆ ಬರುವವರು. ರಾತ್ರಿಪಾಳಿ ಮುಗಿಸಿದ ನರ್ಸ್, ಬಸ್ಸಿನ ಚಾಲಕ, ಗದ್ದಲದ ಮನೆಯಲ್ಲಿ ಹಗಲು ಕಣ್ಣು ಮುಚ್ಚಲಾಗದವರು. ಇಡೀ ಪಟ್ಟಣದಲ್ಲಿ ಎರಡೂವರೆ ಗಂಟೆ ಸದ್ದಿಲ್ಲದ ಕತ್ತಲು ಸಿಗುವ ಜಾಗ ಇದೊಂದೇ ಎಂದು ಅವರಿಗೆ ಹೇಗೋ ತಿಳಿದಿದೆ. ಮೆಲ್ಲಕ್ಕನಿಗೆ ಇದರಿಂದ ಬೇಸರವಿಲ್ಲ. ಅವರಿಗೆ ಗೋಡೆಬದಿಯ ಸೀಟು ತೋರಿಸಿ, “ಕೊನೆಗೆ ನಾನೇ ಎಬ್ಬಿಸ್ತೀನಿ, ಮಲ್ಕೊಳ್ಳಿ” ಎನ್ನುತ್ತಾರೆ.

ಇಂದು ಆ ಪಂಗಡಕ್ಕೆ ಹೊಸಬರೊಬ್ಬರು ಸೇರಿದ್ದಾರೆ. ಪಕ್ಕದ ಬೀದಿಯ ಬೇಕರಿಯಲ್ಲಿ ರಾತ್ರಿಯಿಡೀ ಬ್ರೆಡ್ಡು ಸುಡುವ ದಪ್ಪ ಮನುಷ್ಯ. ಚಿತ್ರ ಆರಂಭವಾಗಿ ಅರ್ಧ ಗಂಟೆಗೆ ಅವರ ತಲೆ ಹಿಂದಕ್ಕೆ ವಾಲುತ್ತದೆ. ಇಂಟರ್‌ವಲ್ಲಿನ ದೀಪ ಹತ್ತಿದರೂ ಎಚ್ಚರವಿಲ್ಲ. ಅನಂತರ ಹತ್ತು ನಿಮಿಷ ಕಳೆಯುವಷ್ಟರಲ್ಲಿ, ತೆರೆಯ ಮೇಲೆ ನಾಯಕಿ ಕಾಗದವೊಂದನ್ನು ಮೌನವಾಗಿ ಓದುತ್ತಿರುವಾಗ, ಗೊರಕೆ ಶುರುವಾಗುತ್ತದೆ.

ಮೊದಲನೆಯದು ಸಣ್ಣದು. ಎರಡನೆಯದಕ್ಕೆ ಮುಂದಿನ ಸಾಲಿನ ಎರಡು ತಲೆಗಳು ಹೊರಳುತ್ತವೆ. ಮೆಲ್ಲಕ್ಕ ಅಷ್ಟರಲ್ಲಿ ಅಲ್ಲಿದ್ದಾರೆ.

“ಎಬ್ಬಿಸ್ರೀ ಅವನನ್ನ” ಎಂದು ಒಬ್ಬರು ಹಲ್ಲು ಕಡಿಯುತ್ತಾರೆ.

ಎಬ್ಬಿಸಬಹುದು; ಕಟ್ಟಳೆ ಅದನ್ನೇ ಹೇಳುತ್ತದೆ. ಆದರೆ ಮಾತನಾಡುವವನಿಗೆ ತಾನು ಮಾತನಾಡುತ್ತಿದ್ದೇನೆಂದು ಗೊತ್ತಿರುತ್ತದೆ. ಈ ಮನುಷ್ಯನಿಗೆ ಏನೂ ಗೊತ್ತಿಲ್ಲ. ಊರಿಗೆಲ್ಲ ಬೆಳಗಿನ ಬ್ರೆಡ್ಡು ಒದಗಿಸಿ ಬಂದು ಮಲಗಿದವನನ್ನು ತಪ್ಪಿತಸ್ಥನ ಹಾಗೆ ತಟ್ಟಿ ಎಬ್ಬಿಸುವುದು ಹೇಗೆ? ಮೆಲ್ಲಕ್ಕ ಅವರ ತಲೆಯನ್ನು ಎರಡೂ ಕೈಗಳಿಂದ ಮೆಲ್ಲಗೆ ಪಕ್ಕಕ್ಕೆ ತಿರುಗಿಸುತ್ತಾರೆ. ಗೊರಕೆ ನಿಲ್ಲುತ್ತದೆ. ಕೈ ಬಿಟ್ಟರೆ ತಲೆ ಹಿಂದಕ್ಕೆ, ಗೊರಕೆ ಮುಂದಕ್ಕೆ. ಮತ್ತೊಮ್ಮೆ ಹಾಗೆಯೇ. ಮೂರನೆಯ ಸಲ ಅವರು ಪಕ್ಕದ ಖಾಲಿ ಕುರ್ಚಿಯಲ್ಲಿ ಕುಳಿತು, ಆ ಭಾರವಾದ ತಲೆಯನ್ನು ತಮ್ಮ ಭುಜಕ್ಕೆ ಒರಗಿಸಿಕೊಳ್ಳುತ್ತಾರೆ. ಹಾಗೆಯೇ ಅಲುಗಾಡದೆ ಐವತ್ತು ನಿಮಿಷ. ಅಂದಿನ ಆಟದಲ್ಲಿ ಮತ್ತೆ ಉಸಿರಿನ ಸದ್ದೂ ಕೇಳಿಬರುವುದಿಲ್ಲ. ಫೋನು ಹಿಡಿಯಲು ಹೊರಟ ಭುಜಗಳನ್ನು ನೋಡುವವರು ಬಾಗಿಲ ಬಳಿ ಯಾರೂ ಇಲ್ಲದಿದ್ದರೂ, ಒಂದು ಭುಜವೂ ಇಳಿಯುವುದಿಲ್ಲ.

ಆಟ ಮುಗಿದು ದೀಪ ಹತ್ತಿದಾಗ ಬೇಕರಿಯವರು ದಡಬಡಿಸಿ ಏಳುತ್ತಾರೆ. “ಅಯ್ಯೋ, ಗೊರಕೆ ಹೊಡೆದ್ನಾ ಅಕ್ಕಾ?”

“ಇಲ್ಲಪ್ಪಾ. ಮಗು ಥರ ಮಲಗಿದ್ರಿ.” ಸುಳ್ಳನ್ನು ಎಂದೂ ಮೆಚ್ಚದವರೂ ಈ ಸುಳ್ಳಿಗೆ ತಲೆಬಾಗಬೇಕು.

ಹೊರಗಿನ ಪಡಸಾಲೆಯಲ್ಲಿ ಕಾದಿದ್ದದ್ದು ದೂರಿನ ಪುಸ್ತಕ. ಮ್ಯಾನೇಜರು ಅದನ್ನು ತೆರೆಯುತ್ತಾರೆ. ಮೂರು ವಾರ ಖಾಲಿಯಿದ್ದ ಹಾಳೆಯಲ್ಲಿ ಇಂದು ದುಂಡನೆಯ ಅಕ್ಷರಗಳ ಒಂದು ಬರಹವಿದೆ. ಎಡ ಬದಿಯಲ್ಲಿ ಕೂರುವ ನಿವೃತ್ತ ಮೇಷ್ಟ್ರು ಬರೆದದ್ದು. ಮ್ಯಾನೇಜರು ಗಟ್ಟಿಯಾಗಿ ಓದುತ್ತಾರೆ:

‘ಇಂದಿನ ಪ್ರದರ್ಶನದ ಕಡೆಯ ಒಂದು ಗಂಟೆಯಲ್ಲಿ ಸೂಜಿ ಬಿದ್ದರೂ ಕೇಳುವಷ್ಟು ನಿಶ್ಶಬ್ದವಿತ್ತು. ಇದನ್ನೇ ನೆಪಮಾಡಿಕೊಂಡು ಸೀಟು ತೋರಿಸುವ ಮಹಿಳೆಯು ಕೆಲಸ ಬಿಟ್ಟು, ಕುರ್ಚಿಯಲ್ಲಿ ಆರಾಮವಾಗಿ ಕುಳಿತು ಸಿನಿಮಾ ನೋಡುತ್ತಿದ್ದುದು ಅತ್ಯಂತ ಖಂಡನೀಯ.’

“ಕೂತಿದ್ರಾ?”

“ಕೂತಿದ್ದೆ ಸಾರ್. ಮೇಷ್ಟ್ರು ಕಂಡದ್ದನ್ನೇ ಬರೆದಿದ್ದಾರೆ.”

“ಯಾಕೆ?”

ಮೆಲ್ಲಕ್ಕ ಉತ್ತರ ಕೊಡುವುದಿಲ್ಲ. ಕೊಟ್ಟರೆ ಬೇಕರಿಯವರ ಹೆಸರು ಬರುತ್ತದೆ, ನಾಚಿಕೆಯಿಂದ ಆ ಮನುಷ್ಯ ಮತ್ತೆ ಈ ಕಡೆ ತಲೆಹಾಕುವುದಿಲ್ಲ. ತಾವು ಕಾದುಕೊಂಡು ಬಂದ ಮಂಗಳವಾರ ಕಣ್ಣೆದುರೇ ಕೈತಪ್ಪುತ್ತಿದ್ದರೂ ಅವರು ಬಾಯಿ ಬಿಡುವುದಿಲ್ಲ. ಮ್ಯಾನೇಜರು ಕಣ್ಣೆತ್ತಿ ನೋಡುತ್ತಾರೆ. ಕಡುನೀಲಿ ಸಮವಸ್ತ್ರದ ಬಲಭುಜದ ಮೇಲೆ, ಒಂದು ತಲೆಯಷ್ಟಗಲ, ಬಿಳಿಯ ಹಿಟ್ಟು. ಬಾಗಿಲಾಚೆ ಕೂದಲು ಒದರಿಕೊಳ್ಳುತ್ತ ಹೋಗುತ್ತಿರುವ ಬೇಕರಿಯವರ ಬೆನ್ನೂ ಕಾಣುತ್ತಿದೆ.

ಮ್ಯಾನೇಜರು ದೂರನ್ನು ಇನ್ನೊಮ್ಮೆ ಓದುತ್ತಾರೆ. “ಗಲಾಟೆ ಬಗ್ಗೆ ದೂರು ಬಂದ್ರೆ ರದ್ದು ಅಂತ ನಾನು ಬರೆದದ್ದು. ಇದರಲ್ಲಿ ಗಲಾಟೆ ಎಲ್ಲಿದೆ? ಸೂಜಿ ಬಿದ್ದರೂ ಕೇಳ್ತಿತ್ತಂತೆ. ಸರಿ, ಮಂಗಳವಾರ ಮುಂದುವರೀಲಿ. ಆದ್ರೆ ಕೂತದ್ದು ಕೂತದ್ದೇ. ಮೆಮೋ ಕೊಡಲೇಬೇಕು.”

“ಕೊಡಿ ಸಾರ್. ಎಲ್ಲಿ ರುಜು ಹಾಕಬೇಕು?”

ಇದು ಪೂರ್ಣ ಗೆಲುವಲ್ಲ. ವಾರದ ಉಳಿದೆಲ್ಲ ಆಟಗಳಲ್ಲಿ ತಟ್ಟೆ ಹೊರುವುದು ಅವರಿಗೆ ತಪ್ಪಿಲ್ಲ. ಆ ಆಟಗಳ ನಾಚಿಕೆ ತಿಂಡಿ ತರಿಸಿಕೊಂಡು ತಿನ್ನುವವರದ್ದೇ ಹೊರತು ತಂದುಕೊಡುವವರದ್ದಲ್ಲ. ಬೇಕರಿಯವರಿಗೆ ವಿಷಯ ಮರುದಿನವೇ ತಿಳಿದಿದೆ. “ನಾಲ್ಕು ಜನಕ್ಕೆ ಗೊತ್ತಾಗಲಿ ಬಿಡಿ, ಗೊರಕೆ ನಂದೇ” ಎಂದು ಅವರು ಒಪ್ಪಿಗೆ ಕೊಟ್ಟಿರುವುದರಿಂದಲೇ ಇದನ್ನು ಇಲ್ಲಿ ಬರೆಯಲಾಗಿದೆ. ಮೆಮೋವನ್ನು ಮನೆಯಲ್ಲಿ ಯಜಮಾನರು ಬೀದಿಗೆಲ್ಲ ಕೇಳುವಂತೆ ಎರಡೆರಡು ಸಲ ಓದಿದರಂತೆ. “ಇಪ್ಪತ್ತಾರು ವರ್ಷಕ್ಕೆ ಸಿಕ್ಕಿದ ಕಾಗದ ಇದೊಂದೇ ಅಲ್ವೇನೇ, ಜೋಪಾನವಾಗಿಡು” ಎಂದು ಬೀರುವಿನಲ್ಲಿ ರೇಷನ್ ಕಾರ್ಡಿನ ಜೊತೆಗೆ ಇಟ್ಟಿದ್ದಾರೆ.

ಕೆಲಸದಿಂದ ನಿವೃತ್ತಿಯಾಗಲು ಮೆಲ್ಲಕ್ಕನಿಗೆ ಇನ್ನು ಮೂರು ವರ್ಷ. ಆಮೇಲೇನು ಮಾಡುತ್ತೀರಿ ಎಂದು ಕೇಳಿದರೆ ಹೇಳುತ್ತಾರೆ:

“ಟಿಕೆಟ್ ತಗೊಂಡು ಬಂದು ನಡುಸಾಲಲ್ಲಿ ಕೂತ್ಕೊಳ್ತೀನಿ. ಹಿಂದೆ ಯಾರಾದ್ರೂ ಮಾತಾಡಿದ್ರೆ ತಿರುಗಿ ನೋಡಲ್ಲ. ಆ ಕೆಲಸಕ್ಕೆ ಆಗ ಇನ್ನೊಬ್ಬರು ಇರಬೇಕು. ಇರ್ತಾರಲ್ವಾ?”